ಹಾಡು ಮುಗಿದ ಮೇಲೂ ತಿರುಗಿದ ಟೇಪು: ನಮ್ಮ ರುಖಿಯಾ ಟೀಚರ್

ಮಲಯಾಳ ನಾಡಿನಲ್ಲಿ ಹಾಡುವವರನ್ನು ಕುರಿತು, ಹಾಡು ಕಟ್ಟುವವರನ್ನು ಕುರಿತು ಬರೆದವರಿಗೆ ಕೊರತೆಯಿಲ್ಲ. ಆದರೆ ಹಾಡು ಒಬ್ಬರ ಬಾಯಿಂದ ಹೊರಟು ಇನ್ನೊಬ್ಬರ ಕಿವಿಯನ್ನು ತಲುಪುವ ನಡುವೆ ಒಂದು ಸಣ್ಣ ದಾರಿಯಿದೆ. ಆ ದಾರಿಯಲ್ಲಿ ಎದುರಾಗುವ ಗೋಡೆ, ಪರದೆ, ಹಾಸಿಗೆ, ಮೈಕು, ತಂತಿ, ಟೇಪುಗಳನ್ನು ಕುರಿತು, ಮನೆಯಲ್ಲೇ ಕುಳಿತು ಹಾಡನ್ನು ಹಿಡಿದಿಡುವ ಬಗೆಯನ್ನು ಕುರಿತು ಮೂವತ್ತೇಳು ವರ್ಷ ತಿಂಗಳು ತಪ್ಪದೆ ಬರೆದವರು, ನಾನು ಬಲ್ಲಂತೆ, ವಲಿಯಪುರಯಿಲ್ ರುಖಿಯಾ ಟೀಚರ್ ಒಬ್ಬರೇ. ‘ನಾದವೀಥಿ’ ಮಾಸಪತ್ರಿಕೆಯ ಅವರ ‘ಮನೆಯೊಳಗಿನ ದನಿ’ ಅಂಕಣವನ್ನು ಓದಿ ಕೋಣೆಯ ಮೂಲೆಗೆ ಹಾಸಿಗೆ ನಿಲ್ಲಿಸಿಕೊಂಡು ಹಾಡಿದವರು, ಆ ಹಾಡಿನಿಂದಲೇ ಹೆಸರಾದವರು, ಹೆಸರಾಗದೆಯೂ ಸುಖವಾಗಿದ್ದವರು ಈ ಕರಾವಳಿಯುದ್ದಕ್ಕೂ ಇದ್ದಾರೆ. ಎಪ್ಪತ್ತೈದು ತುಂಬಿದ ಈ ವರ್ಷ ಅವರು ಅಂಕಣದಿಂದ ನಿವೃತ್ತರಾಗಿದ್ದಾರೆ. ಮೊದಲ ಕಂತಿನಿಂದ ಕೊನೆಯ ಕಂತಿನವರೆಗೆ ಅವರೊಡನೆ ಉಪಸಂಪಾದಕಿಯಾಗಿ, ಆಮೇಲೆ ಸಂಪಾದಕಿಯಾಗಿ ದುಡಿದ ನನಗೆ ಅವರನ್ನು ಕುರಿತು ಬರೆಯುವ ಭಾಗ್ಯ ಒದಗಿದೆ.

ಈ ಅಭಿನಂದನ ಸಂಪುಟದ ಉಳಿದ ಲೇಖನಗಳೆಲ್ಲ ಮಲಯಾಳದಲ್ಲಿವೆ. ನಾನೂ ಹಾಗೆಯೇ ಬರೆಯಲು ಕುಳಿತಿದ್ದೆ. ಸುದ್ದಿ ತಿಳಿದ ಟೀಚರ್ ಫೋನು ಮಾಡಿದರು.

“ವಾರಿಜಾ, ನೀನು ನಿನ್ನ ಕನ್ನಡದಲ್ಲೇ ಬರಿ ಮಗಳೇ. ಆಮೇಲೆ ಬಂದು ಓದಿ ಹೇಳು. ಅರ್ಥ ಆಗದಿದ್ರೆ ಏನಂತೆ, ನನ್ನ ಹೊಗಳಿಕೆ ನಂಗೇ ಅರ್ಥ ಆಗದೆ ಇರೋದೇ ಒಳ್ಳೇದು. ಸದ್ದಷ್ಟೇ ಕೇಳಿಸ್ಕೊಂಡು ಕೂತಿರ್ತೀನಿ.”

ಹೀಗಾಗಿ ಕುಂಬಳೆಯಿಂದ ಬಂದು ನಾಲ್ಕು ದಶಕ ಕಲ್ಲಿಕೋಟೆಯಲ್ಲೇ ಕಳೆದವಳ ಈ ಕನ್ನಡ.

ಟೀಚರ್ ಹುಟ್ಟಿದ್ದು ಕಲ್ಲಿಕೋಟೆಯ ಕುಟ್ಟಿಚ್ಚಿರದ ಕೊಳದ ಪಡುವಣ ಮಗ್ಗುಲಿನ ಮನೆಯಲ್ಲಿ. ಮದುವೆಯಾದ ಮೇಲೂ ಹೆಣ್ಣುಮಕ್ಕಳು ತಾಯಿಮನೆಯಲ್ಲೇ ಉಳಿಯುವ, ಗಂಡಂದಿರು ಸಂಜೆಗೆ ಅತಿಥಿಗಳಂತೆ ಬಂದುಹೋಗುವ ಕೇರಿ ಅದು. ಅವರು ತಾವು ಹುಟ್ಟಿದ ಕೋಣೆಯ ಪಕ್ಕದ ಕೋಣೆಯಲ್ಲೇ ಮದುವಣಗಿತ್ತಿಯಾದರು, ಅದರ ಮೇಲಿನ ಮಾಳಿಗೆಯಲ್ಲೇ ಲೇಖಕಿಯಾದರು. ಅಜ್ಜಿಯರು, ಚಿಕ್ಕಮ್ಮಂದಿರು, ಅವರ ಮಕ್ಕಳು ಮೊಮ್ಮಕ್ಕಳೆಲ್ಲ ತುಂಬಿಕೊಂಡ ಆ ಮನೆಯಲ್ಲಿ ಸದ್ದೆಂಬುದು ನೀರಿನ ಹಾಗೆ ಯಾವಾಗಲೂ ಮೊಣಕಾಲುದ್ದ ನಿಂತಿರುತ್ತಿತ್ತಂತೆ. ಸೋದರಮಾವ ಬೀರಾನ್‌ಕೋಯ ಕುವೈತಿನಿಂದ ಹೊತ್ತು ತಂದ ದೊಡ್ಡ ಟೇಪ್‌ರೆಕಾರ್ಡರಿನಲ್ಲಿ ಹನ್ನೆರಡು ವರ್ಷದ ರುಖಿಯಾ ತನ್ನ ಪ್ರೀತಿಯ ಚಿಕ್ಕಮ್ಮನ ಹಾಡೊಂದನ್ನು ಹಿಡಿಯಲು ಹೋದರೆ, ತಿರುಗಿ ಕೇಳಿದಾಗ ಬಾವಿಯ ರಾಟೆ, ಪಾರಿವಾಳಗಳು, ಯಾರದೋ ಕೆಮ್ಮು, ಯಾರದೋ ಜಗಳ ಎಲ್ಲವೂ ಇತ್ತು. ಹಾಡು ಮಾತ್ರ ಅವುಗಳಡಿಯಲ್ಲೆಲ್ಲೋ ಮುಳುಗಿತ್ತು. ಹುಡುಗಿ ಸಿಟ್ಟಿನಿಂದ ಅತ್ತಳು. ಸದ್ದಿನ ಮೇಲೆ ಅಂದು ಹೂಡಿದ ಯುದ್ಧವನ್ನು ಅವರು ಭೌತಶಾಸ್ತ್ರದ ಪದವಿ ಮುಗಿಸಿ, ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಉಪಾಧ್ಯಾಯಿನಿಯಾಗಿ, ಎರಡು ಮಕ್ಕಳ ತಾಯಿಯಾಗುವವರೆಗೂ ನಡೆಸಿದರು.

ಆ ಯುದ್ಧದಲ್ಲಿ ಅವರಿಗೆ ಸಿಕ್ಕ ಮೊದಲ ಗೆಲುವು ಶುಕ್ರವಾರದ ಮಧ್ಯಾಹ್ನ. ಗಂಡಸರು, ಗಂಡುಮಕ್ಕಳು ಎಲ್ಲರೂ ಜುಮಾ ನಮಾಜಿಗೆ ಪಳ್ಳಿಗೆ ಹೋದ ಹೊತ್ತು. ಅಂಗಡಿಗಳ ಬಾಗಿಲು ಮುಚ್ಚಿ, ಕೈಗಾಡಿಗಳು ಗೋಡೆಗೊರಗಿ, ಕೊಳದ ನೀರು ಕೂಡ ಅಲುಗದೆ, ಇಡೀ ಕೇರಿ ಹಗಲಲ್ಲೇ ಕನಸಿಗೆ ಜಾರಿದಂತೆ ಇರುತ್ತಿತ್ತು. ಹೆಂಗಸರ ಕೇರಿಯಾಗಿ ಉಳಿಯುತ್ತಿದ್ದ ಆ ಅಷ್ಟು ಹೊತ್ತಿನಲ್ಲಿ ಟೀಚರ್ ಮಾಳಿಗೆಯಲ್ಲಿ ಮೈಕು ನಿಲ್ಲಿಸುತ್ತಿದ್ದರು.

ನಾನು ಅವರನ್ನು ಮೊದಲು ಕಂಡದ್ದೂ ಅಂಥದೇ ಶುಕ್ರವಾರ. ‘ವಿ. ಪಿ. ಆರ್.’ ಎಂಬ ಹೆಸರಿನಲ್ಲಿ ನಮ್ಮ ಪತ್ರಿಕೆಗೆ ಒಂದು ಲೇಖನ ಬಂದಿತ್ತು. ಕ್ಯಾಸೆಟ್ಟಿನಲ್ಲಿ ಹಾಡಿನ ಹಿಂದೆ ಸುಯ್ಯೆನ್ನುವ ಸದ್ದನ್ನು ಕಡಿಮೆ ಮಾಡುವುದು ಹೇಗೆ, ಬಟ್ಟೆ ತುಂಬಿದ ಬೀರುವಿನ ಬಾಗಿಲು ತೆರೆದಿಟ್ಟು ಅದರೆದುರು ಹಾಡಿದರೆ ದನಿ ಯಾಕೆ ಮೆತ್ತಗಾಗುತ್ತದೆ ಎಂಬುದನ್ನು ಕಥೆಯಂತೆ ಹೇಳಿದ್ದ ಬರಹ. ಆಗಿನ ಸಂಪಾದಕರಾದ ಗೋವಿಂದನ್‌ಕುಟ್ಟಿ ಮಾಷ್ ಅದನ್ನು ಎರಡು ಸಲ ಓದಿ ಕನ್ನಡಕ ಕೆಳಗಿಟ್ಟರು.

“ರೇಡಿಯೋದಿಂದ ನಿವೃತ್ತನಾದ ಯಾವನೋ ಮುದುಕ ಇರ್ಬೇಕು. ವಾರಿಜಾ, ಹೋಗಿ ನೋಡ್ಕೊಂಡು ಬಾ. ತಿಂಗಳಿಗೊಂದು ಬರೀತಾನಾ ಕೇಳು. ಸಿಡುಕ ಆಗಿದ್ರೆ ಹಾಗೇ ವಾಪಸ್ ಬಂದ್ಬಿಡು.”

ಬಾಗಿಲು ತೆರೆದ ಹೆಂಗಸು ತುಟಿಯ ಮೇಲೆ ಬೆರಳಿಟ್ಟು, ಕಣ್ಣಿನಲ್ಲೇ ನನ್ನನ್ನು ಮೆಟ್ಟಿಲ ಮೇಲೆ ಕೂರಿಸಿ ಮೇಲಕ್ಕೆ ಹೊರಟುಹೋದರು. ಚಪ್ಪಲಿಯನ್ನು ಕೈಯಲ್ಲೇ ಹಿಡಿದುಕೊಂಡು ನಾನು ಕುಳಿತೇ ಇದ್ದೆ. ಮೇಲಿನಿಂದ ಹರೆಯದ ಹುಡುಗಿಯೊಬ್ಬಳ ಹಾಡು ಇಳಿದುಬರುತ್ತಿತ್ತು. ತೆಳುವಾದ, ಹತ್ತಿಯಲ್ಲಿ ಸುತ್ತಿ ಕೊಟ್ಟಂಥ ದನಿ. ಅದು ಮುಗಿಯಿತೋ ಇಲ್ಲವೋ ಎಂದು ತಿಳಿಯುವ ಮೊದಲೇ ಬೀದಿಯಲ್ಲಿ ಪಳ್ಳಿಯಿಂದ ಮರಳುವವರ ಚಪ್ಪಲಿಗಳ ಸದ್ದು ಶುರುವಾಯಿತು.

“ಈಗ ಮಾತಾಡು,” ಎನ್ನುತ್ತ ಅವರು ಇಳಿದುಬಂದರು. “ಯಾರು ನೀನು?”

“ವಿ. ಪಿ. ಆರ್. ಸಾರನ್ನ ನೋಡ್ಬೇಕಿತ್ತು.”

“ಆ ಸಾರೇ ನಿಂಗೆ ಬಾಗಿಲು ತೆಗೆದದ್ದು. ಚಪ್ಪಲಿ ಕೆಳಗಿಡು. ಸುಲೈಮಾನಿ ಕುಡೀತೀಯಾ?”

ನಿಂಬೆ ಹಿಂಡಿದ ಆ ಕೆಂಪು ಚಹಾ ಕುಡಿಯುತ್ತ ನಾನು ಕೇಳಿದೆ, ಹಾಡಿದ ಹುಡುಗಿಯನ್ನು ಸ್ಟುಡಿಯೋಗೆ ಕಳಿಸಲು ಮನೆಯವರು ಒಪ್ಪುವುದಿಲ್ಲವೇ ಎಂದು.

“ಮನೆಯವರು ಒಪ್ತಾರೆ. ಇವಳಿಗೇ ಬೇಡ. ಅಲ್ಲಿಗೆ ಹೋದ್ರೆ ಮೈ ಹೋಗ್ತದೆ ಟೀಚರೇ, ಹಾಡು ಮನೇಲೇ ಉಳ್ಕೊಳ್ತದೆ ಅಂತಾಳೆ. ಹಾಗಾದ್ರೆ ಯಂತ್ರಾನೇ ಹಾಡಿನ ಮನೆಗೆ ಬರಲಿ ಅಂತ ಇಷ್ಟೆಲ್ಲ.”

ಅಂಕಣ ಮುಂದಿನ ತಿಂಗಳೇ ಶುರುವಾಯಿತು. ಬೆಲೆಬಾಳುವ ಉಪಕರಣಗಳ ಹೆಸರು ಹೇಳಿ ಓದುಗರ ಬಾಯಲ್ಲಿ ನೀರೂರಿಸುವುದು ಅವರ ಜಾಯಮಾನವಲ್ಲ. ಮೈಕು ಕೊಳ್ಳುವ ಮೊದಲು ಮನೆಯ ಪ್ರತಿ ಕೋಣೆಯಲ್ಲೂ ಒಮ್ಮೆ ಚಪ್ಪಾಳೆ ತಟ್ಟಿ ಕೇಳಿ ಎಂದು ಅವರು ಬರೆದ ತಿಂಗಳು ಈ ಊರಿನ ಎಷ್ಟೋ ಮನೆಗಳಲ್ಲಿ ಕಾರಣವಿಲ್ಲದೆ ಚಪ್ಪಾಳೆ ಕೇಳಿಸಿತಂತೆ. ವಯನಾಡಿನ ಚರ್ಚೊಂದರ ಗಾಯನ ತಂಡದ ಯಜಮಾನ ವರ್ಕಿಚ್ಚನ್ ಎಂಬವರು, ನಮ್ಮ ಹಾಡುಗಳೆಲ್ಲ ಬಾವಿಯಲ್ಲಿ ಬಿದ್ದವರ ಕೂಗಿನಂತೆ ಕೇಳುತ್ತವೆ ಎಂದು ಪತ್ರಿಕೆಗೆ ಬರೆದಾಗ, ಟೀಚರ್ ಉತ್ತರ ಬರೆದು ಸುಮ್ಮನಾಗದೆ ಶನಿವಾರ ಬಸ್ಸು ಹತ್ತಿ ಹೊರಟೇಬಿಟ್ಟರು. ದಿನವಿಡೀ ಚಪ್ಪಾಳೆ ತಟ್ಟುತ್ತ ಅಲೆದು, ಕೊನೆಗೆ ಇಡೀ ತಂಡವನ್ನು ಪಕ್ಕದ ಭತ್ತದ ಉಗ್ರಾಣಕ್ಕೆ ಒಯ್ದು ಮೂಟೆಗಳ ನಡುವೆ ನಿಲ್ಲಿಸಿ ಹಾಡಿಸಿದರು. ಆ ಧ್ವನಿಮುದ್ರಣವನ್ನು ನಾನು ಕೇಳಿದ್ದೇನೆ. ದೇವರು ಕೂಡ ಆ ದಿನ ಉಗ್ರಾಣದಲ್ಲೇ ಇದ್ದಿರಬೇಕು.

ಇಷ್ಟರಲ್ಲೇ ನಿಂತಿದ್ದರೂ ಅವರು ನಮ್ಮ ಅಭಿನಂದನೆಗೆ ಅರ್ಹರಾಗಿಯೇ ಇರುತ್ತಿದ್ದರು. ಆದರೆ ಅವರ ಬದುಕನ್ನೂ ಬರವಣಿಗೆಯನ್ನೂ ಬೇರೆ ದಿಕ್ಕಿಗೆ ತಿರುಗಿಸಿದ ಸಂಗತಿಯೊಂದಿದೆ. ಅದನ್ನು ಕಣ್ಣಾರೆ ಕಂಡವಳಾಗಿ ಸ್ವಲ್ಪ ವಿವರವಾಗಿಯೇ ಹೇಳಬೇಕು.

ಕುಟ್ಟಿಚ್ಚಿರದ ಸುತ್ತಲ ತೆಕ್ಕೇಪುರದ ಮದುವೆಮನೆಗಳಲ್ಲಿ ಹೆಂಗಸರ ಹಾಡಿಗೆ ಮುಂದಾಳಾಗಿದ್ದವರು ಇಂಬಿಚ್ಚಿಬಿ ಎಂಬ ಹಿರಿಯರು. ಎಲ್ಲರಿಗೂ ಅವರು ಇಂಬಿಚ್ಚಿತ್ತ, ಅಂದರೆ ಇಂಬಿಚ್ಚಿ ಅಕ್ಕ. ಮರದ ತೊಲೆಯ ಹಾಗೆ ದಪ್ಪಗಿನ, ಅಂಚಿನಲ್ಲಿ ಸ್ವಲ್ಪ ಸಿಬಿರೆದ್ದ ದನಿ. ಅವರು ಒಂದು ಸಾಲು ಎತ್ತಿಕೊಟ್ಟರೆ ಸುತ್ತ ಕೂತವರ ಕೈಗಳು ತಾವಾಗಿ ಚಪ್ಪಾಳೆಗೆ ಕೂಡಿಬಿಡುತ್ತಿದ್ದವು. ಆ ಗಂಟಲಿನಲ್ಲಿ ಗಂಟೊಂದು ಎದ್ದಿತು. ಧ್ವನಿಪೆಟ್ಟಿಗೆಯನ್ನೇ ತೆಗೆಯದೆ ಬೇರೆ ದಾರಿಯಿಲ್ಲ, ತಡಮಾಡಿದರೆ ಜೀವಕ್ಕೇ ಅಪಾಯ ಎಂದು ಮೆಡಿಕಲ್ ಕಾಲೇಜಿನ ವೈದ್ಯರು ಹೇಳಿಬಿಟ್ಟರು. ಶಾರ್ಜಾದಿಂದ ಓಡಿಬಂದ ಮಗ ಹಂಸಕೋಯ, ಶಸ್ತ್ರಚಿಕಿತ್ಸೆಗೆ ಮೊದಲು ತಾಯಿಯ ಹಾಡುಗಳು ಉಳಿಯಲೆಂದು ಪಟ್ಟಣದ ಒಳ್ಳೆಯ ಸ್ಟುಡಿಯೋ ಒಂದನ್ನು ಗೊತ್ತುಮಾಡಿ ಕಾರಿನಲ್ಲಿ ಕರೆದೊಯ್ದ. ಇಂಬಿಚ್ಚಿತ್ತ ಮೈಕಿನೆದುರು ಕೂತರು, ಕೂತೇ ಇದ್ದರು, ಒಂದು ಸಾಲೂ ಹೊರಡದೆ ಮನೆಗೆ ಮರಳಿದರು.

“ಗಾಜಿನ ಆಚೆ ಇಬ್ಬರು ಹುಡುಗರು ಕೂತಿದಾರೆ,” ಎಂದು ಅವರು ಆಮೇಲೆ ನಮ್ಮೆದುರು ಹೇಳಿದರು. “ಬಾಯಿ ಅಲ್ಲಾಡ್ತದೆ, ಮಾತು ಕೇಳಲ್ಲ. ಮೀನಿನ ಹಾಗೆ. ಮೀನಿನ ಮುಂದೆ ಯಾರಾದ್ರೂ ಮದುವೆ ಹಾಡು ಹಾಡ್ತಾರಾ?”

ಮಗಳು ಮುಂತಾಸ್ ಅಳುತ್ತ ಟೀಚರ ಬಳಿಗೆ ಬಂದಳು. ಆಸ್ಪತ್ರೆಗೆ ಸೇರುವ ಮುನ್ನ ಉಳಿದಿದ್ದುದು ಒಂದೇ ಶುಕ್ರವಾರ. ಅಂದು ಯಂತ್ರದ ಪೆಟ್ಟಿಗೆಯನ್ನು ಟೀಚರ್ ಹಿಡಿದು, ತಂತಿಯ ಸುರುಳಿಯನ್ನು ನಾನು ಹೆಗಲಿಗೆ ಹಾಕಿಕೊಂಡು ಹೋದೆವು. ಹಾಡಿಗೆ ಕೈಗೂಡಿಸಲು ನೆರೆಯ ಏಳೆಂಟು ಹೆಂಗಸರು ಬಂದು ಮಂಚದ ಸುತ್ತ ಕೂತಿದ್ದರು. ಟೀಚರ್ ಎಂದಿನಂತೆ ಫ್ಯಾನು ನಿಲ್ಲಿಸಿದರು, ಗಡಿಯಾರ ಹೊರಗಿಟ್ಟರು, ಕಿಟಕಿಗೆ ಕಂಬಳಿ ಕಟ್ಟಿದರು. ಆಮೇಲೆ ನಡುವಂಗಳದ ಕಡೆ ನೋಡಿದರು.

“ಇಂಬಿಚ್ಚಿತ್ತಾ, ಆ ಕೋಳೀನ ಸ್ವಲ್ಪ ಹೊತ್ತು ಪಕ್ಕದ ಮನೆಗೆ ಕಳಿಸೋಣ್ವಾ?”

“ಯಾಕೆ? ಅದೇನು ನಿಂಗೆ ತೊಂದ್ರೆ ಕೊಡ್ತು?”

“ಟೇಪಲ್ಲಿ ಅದರ ಸದ್ದು ಬರ್ತದೆ.”

“ಬರಲಿ. ಅದು ಈ ಮನೇದು. ಅದನ್ನ ಹೊರಗೆ ಹಾಕಿದ್ರೆ ನಾನೂ ಅದರ ಹಿಂದೇನೇ ಹೋಗ್ತೀನಿ. ನೀನು ನಿನ್ನ ಕಂಬಳೀನ ಕೂರಿಸ್ಕೊಂಡು ಹಾಡಿಸ್ಕೋ.” ಅಷ್ಟು ಹೇಳಿ ಅಂಗಳದ ಕಡೆ ತಿರುಗಿ, ಮಗುವನ್ನು ಕರೆಯುವ ದನಿಯಲ್ಲಿ, “ಬಾ ಇಲ್ಲಿ, ಹತ್ರ ಬಾ,” ಎಂದರು. ಕೋಳಿ ಹೊಸ್ತಿಲವರೆಗೆ ಬಂದು ನಿಂತಿತು. ಹೆಂಗಸರೆಲ್ಲ ನಕ್ಕರು.

ಟೀಚರಿಗೆ ವಾದಿಸಲು ಹೊತ್ತಿರಲಿಲ್ಲ. ಟೇಪು ಆಗಲೇ ತಿರುಗುತ್ತಿತ್ತು.

ಮೊದಲ ಹಾಡು ಬಂತು. ಅದನ್ನು ಹೇಗೆ ಬಣ್ಣಿಸಲಿ? ಗಂಟಲಿನ ನೋವಿಗೆ ಆ ದನಿ ಇನ್ನಷ್ಟು ಕೆಳಗಿಳಿದಿತ್ತು. ಹಳೆಯ ಮನೆಯ ಹಲಗೆಗಳು, ಮಂಚದ ಕಾಲುಗಳು, ನಮ್ಮ ಬೆನ್ನೆಲುಬುಗಳು ಅದಕ್ಕೆ ಮೆಲ್ಲಗೆ ಕಂಪಿಸುತ್ತಿದ್ದವು. ಕಂಬಳಿಯ ಅಂಚಿನಿಂದ ನುಸುಳಿದ ಬಿಸಿಲು ನೆಲದ ಮೇಲೆ ಬೆರಳಷ್ಟೇ ಅಗಲಕ್ಕೆ ಬಿದ್ದಿತ್ತು, ಅದರಲ್ಲಿ ಧೂಳಿನ ಕಣಗಳು ಚಪ್ಪಾಳೆಗೆ ತಕ್ಕಂತೆ ಏಳುತ್ತ ಇಳಿಯುತ್ತ ಇದ್ದಂತೆ ನನಗೆ ತೋರಿತು. ಎಚ್ಚರವೋ ನಿದ್ದೆಯೋ ತಿಳಿಯದ ಸ್ಥಿತಿ. ಹಾಡು ಮುಗಿದಾಗ ಎಚ್ಚರಿಸಿದ್ದು ಅವರದೇ ದನಿ.

“ಮುಂತಾಸೇ! ಮೀನು ಸಾರಿಗೆ ಎರಡು ಸಲ ಉಪ್ಪು ಹಾಕಿದೀಯ. ಇಲ್ಲೀವರೆಗೆ ವಾಸನೆ ಬರ್ತಿದೆ. ನಾಚಿಕೆ ಆಗಲ್ವಾ ನಿಂಗೆ?”

“ಉಮ್ಮಾ, ಉಪ್ಪಿಗೆ ವಾಸನೆ ಎಲ್ಲಿರ್ತದೆ?”

“ನಿನ್ನ ಉಪ್ಪಿಗೆ ಇರ್ತದೆ. ಹೋಗು, ಸುಲೈಮಾನಿ ತಾ.”

ಮೂರನೆಯ ಹಾಡಿನ ಏರುದಾರಿಯಲ್ಲಿ ದನಿ ಒಡೆಯಿತು. ಮತ್ತೊಮ್ಮೆ ಹತ್ತಿದರು, ಮತ್ತೆ ಅಲ್ಲೇ ಒಡೆಯಿತು. ಚಪ್ಪಾಳೆ ನಿಂತುಹೋಯಿತು. ಟೀಚರ ಬೆರಳು ಗುಂಡಿಯ ಮೇಲಿತ್ತು, ಒತ್ತಲಿಲ್ಲ. ಇಂಬಿಚ್ಚಿತ್ತ ಸುತ್ತಲೂ ಒಮ್ಮೆ ನೋಡಿದರು.

“ಇಲ್ಲಿಂದ ಆಚೆ ನಂಗೆ ದಾರಿ ಇಲ್ಲ. ನೀವು ಹೋಗಿ ಬನ್ನಿ.”

ಉಳಿದ ಸಾಲುಗಳನ್ನು ಆ ಹೆಂಗಸರೇ ಹಾಡಿದರು. ಇಂಬಿಚ್ಚಿತ್ತ ಕಣ್ಣುಮುಚ್ಚಿ ಬರಿಯ ಚಪ್ಪಾಳೆ ತಟ್ಟಿದರು. ಅಷ್ಟರಲ್ಲಿ ಬೀದಿಯಲ್ಲಿ ಚಪ್ಪಲಿಗಳ ಸದ್ದು ಕೇಳಿಸಿತು.

ಮನೆಗೆ ಬಂದ ಟೀಚರ್ ಆ ಟೇಪನ್ನು ತಮ್ಮ ವಿದ್ಯೆಯೆಲ್ಲ ಸುರಿದು ಶುದ್ಧಮಾಡಿದರು. ಕೋಳಿ, ಕೆಮ್ಮು, ನಗು, ಬೈಗುಳ, ಒಡೆದ ಸಾಲು ಎಲ್ಲವನ್ನೂ ತೆಗೆದು, ಇಡಿಯಾದ ಹಾಡುಗಳನ್ನಷ್ಟೇ ಜೋಡಿಸಿ ಒಂದು ಕ್ಯಾಸೆಟ್ಟು ಮಾಡಿದರು. ಹಂಸಕೋಯನಿಗೆ ತುಂಬ ಸಂತೋಷವಾಯಿತು. ಶಸ್ತ್ರಚಿಕಿತ್ಸೆಯೂ ಒಳ್ಳೆಯದಾಗಿ ನಡೆಯಿತು. ಕುತ್ತಿಗೆಯ ರಂಧ್ರದಿಂದ ಉಸಿರಾಡುವುದನ್ನು ಕಲಿತು ಇಂಬಿಚ್ಚಿತ್ತ ಮನೆಗೆ ಬಂದರು. ಎಲ್ಲರೂ ಸುತ್ತ ಕೂತು ಕ್ಯಾಸೆಟ್ಟು ಹಾಕಿದರು. ಒಂದು ಹಾಡು ಮುಗಿಯುವ ಮೊದಲೇ ಅವರು ಅದನ್ನು ದೂರ ತಳ್ಳಿ ಕೈಸನ್ನೆಯಲ್ಲಿ ಏನೋ ಹೇಳಿದರು. ಮುಂತಾಸ್ ಅದನ್ನು ನಮಗೆ ಬಿಡಿಸಿ ಹೇಳಿದಳು.

“ಇದು ಸತ್ತವರ ಹಾಡು ಅಂತಿದಾರೆ ಟೀಚರೇ.”

ಟೀಚರ್ ನನ್ನೊಡನೆ ಬೀದಿಯ ಕೊನೆಯವರೆಗೆ ನಡೆದುಬಂದು ಅಲ್ಲಿಂದಲೇ ತಿರುಗಿ ಹೋದರು. ಅವರ ಮೇಲೆ ಆ ಮಾತು ಎಷ್ಟು ಭಾರವಾಗಿ ಕೂತಿತ್ತೆಂಬುದು ಆ ತಿಂಗಳುಗಳ ಅಂಕಣವನ್ನು ತಿದ್ದುತ್ತಿದ್ದ ನನಗೆ ಗೊತ್ತು. ವಾಕ್ಯಗಳೆಲ್ಲ ಸರಿಯಿದ್ದವು, ಒಳಗೆ ಯಾರೂ ಇರಲಿಲ್ಲ. ಮಳೆಗಾಲ ಮುಗಿಯುವ ಹೊತ್ತಿಗೆ ಒಂದು ದಿನ ಅವರು ಕತ್ತರಿಸದ ಮೂಲ ಟೇಪನ್ನು ಎತ್ತಿಕೊಂಡು, “ಬಾ, ಇನ್ನೊಂದ್ಸಲ ಬೈಸ್ಕೊಂಡು ಬರೋಣ,” ಎಂದು ನನ್ನನ್ನು ಕರೆದರು.

ಇಂಬಿಚ್ಚಿತ್ತನ ಮನೆಯಲ್ಲಿ ಟೇಪು ಹಾಕಿದೆವು. ಕೋಳಿ ಬಂತು. ಹಾಡು ಬಂತು. ಇಂಬಿಚ್ಚಿತ್ತ ಗೋಡೆಗೆ ಮುಖಮಾಡಿ ಮಲಗೇ ಇದ್ದರು. ಆಮೇಲೆ ಆ ಮನೆಯಲ್ಲಿ ತಿಂಗಳುಗಳಿಂದ ಯಾರೂ ಕೇಳಿರದ ದನಿ, ಅಡುಗೆಮನೆಯವರೆಗೂ ಮುಟ್ಟುವಂತೆ, “ಮುಂತಾಸೇ!” ಎಂದು ಕೂಗಿತು. ಒಳಗೆ ಪಾತ್ರೆ ಕೈಜಾರಿ ಬಿತ್ತು. ಮುಂತಾಸ್ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ, “ಏನುಮ್ಮಾ?” ಎಂದು ಓಡಿಬಂದು ಬಾಗಿಲಲ್ಲಿ ಕಲ್ಲಾಗಿ ನಿಂತಳು. ಇಂಬಿಚ್ಚಿತ್ತ ಈ ಕಡೆ ಹೊರಳಿದ್ದರು. ಅವರ ಹೆಗಲು ಅಲುಗುತ್ತಿತ್ತು. ಅಳುತ್ತಿದ್ದಾರೆಂದು ನಾನು ಹತ್ತಿರ ಹೋದೆ. ನಗುತ್ತಿದ್ದರು. ಸದ್ದೇ ಇಲ್ಲದ ನಗು, ಕಣ್ಣಿಂದ ನೀರು ಬರುವವರೆಗೆ. ಟೇಪು ಹಿಂದಕ್ಕೆ ಹಾಕು ಎಂದು ಬೆರಳು ತಿರುಗಿಸಿ ತೋರಿಸಿದರು. ಮತ್ತೆ ಕೂಗಿಸಿದರು. ಮತ್ತೆ ಹಿಂದಕ್ಕೆ. ಮುಂತಾಸ್ ಪ್ರತಿ ಸಲವೂ “ಏನುಮ್ಮಾ?” ಎನ್ನುತ್ತಲೇ ಇದ್ದಳು.

ಟೀಚರ ಕೈಗೆ ಮತ್ತೆ ಜೀವ ಬಂದದ್ದು ಆ ಮಧ್ಯಾಹ್ನ. ಮೂಲ ಟೇಪಿನಿಂದ ಅವರು ಆ ದಿನದ ಮಾತುಗಳನ್ನು ಒಂದೊಂದಾಗಿ ಆರಿಸಿ, ಒಂದೊಂದನ್ನೂ ಬೇರೆ ಬೇರೆ ಪುಟ್ಟ ಕ್ಯಾಸೆಟ್ಟಿನಲ್ಲಿ ಹಲವು ಸಲ ತುಂಬಿಸಿದರು. ಇಂಬಿಚ್ಚಿತ್ತನಿಗೆ ಓದು ಬಾರದು, ಆದ್ದರಿಂದ ಪ್ರತಿ ಕ್ಯಾಸೆಟ್ಟಿಗೂ ಒಂದೊಂದು ಬಣ್ಣದ ದಾರ ಸುತ್ತಿದರು. ಕೆಂಪು ದಾರ ಹಾಕಿದರೆ ‘ಸುಲೈಮಾನಿ ತಾ’. ಕಪ್ಪಿಗೆ ‘ನಾಚಿಕೆ ಆಗಲ್ವಾ ನಿಂಗೆ’. ಹಸಿರಿಗೆ ‘ಬಾ ಇಲ್ಲಿ, ಹತ್ರ ಬಾ’. ಒಮ್ಮೆ ಮೊಮ್ಮಗಳ ಸಂಬಂಧ ನೋಡಲು ಬಂದ ಗಂಡಿನ ಕಡೆಯ ಹಿರಿಯರು ವರೋಪಚಾರದ ಮಾತೆತ್ತಿದಾಗ ಇಂಬಿಚ್ಚಿತ್ತ ಕಪ್ಪು ದಾರದ್ದನ್ನೇ ಹಾಕಿದರು. ಕೈತಪ್ಪಿ ಆಯಿತೆಂದು ಮುಂತಾಸ್ ಕ್ಷಮೆ ಕೇಳಿದಳು. ಕೈ ತಪ್ಪಿರಲಿಲ್ಲ. ಶಸ್ತ್ರಚಿಕಿತ್ಸೆಯ ಮೇಲೆ ಅವರು ಹನ್ನೊಂದು ವರ್ಷ ಹೀಗೆ ಮಾತಾಡುತ್ತ ಬದುಕಿದರು. ಆಮೇಲೆ ಹುಟ್ಟಿದ ಮೊಮ್ಮಕ್ಕಳು ಹಸಿರು ದಾರದ ದನಿ ಕೇಳಿ ಓಡಿಬಂದು ಅಜ್ಜಿಯ ತೊಡೆಯೇರುತ್ತಿದ್ದರು. ಅದು ಮೂಲದಲ್ಲಿ ಕೋಳಿಯನ್ನು ಕರೆದ ಮಾತೆಂದು ಅವರಿಗೆ ಯಾರೂ ಹೇಳಲಿಲ್ಲ.

‘ಸದ್ದನ್ನು ತೆಗೆಯುವುದು ಹೇಗೆಂದು ನಿಮಗೆ ಇಷ್ಟು ವರ್ಷ ಹೇಳಿಕೊಟ್ಟೆ. ಯಾವುದನ್ನು ತೆಗೆಯಬಾರದೆಂದು ಈಗ ಕಲಿಯುತ್ತಿದ್ದೇನೆ. ಹಾಡು ಮುಗಿದ ಮೇಲೂ ಟೇಪು ತಿರುಗಲಿ.’ ಆ ತಿಂಗಳ ಅಂಕಣ ಶುರುವಾದದ್ದು ಹೀಗೆ. ಸ್ಟುಡಿಯೋದವರೊಬ್ಬರು ಸಿಟ್ಟಾಗಿ, ಅಡುಗೆಮನೆಯ ಗದ್ದಲವನ್ನು ಸಂಗೀತವೆನ್ನುವ ಕಾಲ ಬಂತೇ ಎಂದು ಬರೆದರು. ಅದನ್ನೂ ಪ್ರಕಟಿಸಬೇಕೆಂದು ಟೀಚರೇ ಹಟ ಹಿಡಿದರು. “ಅವರು ಹೇಳೋದೂ ಸರೀನೇ. ಸಂಗೀತಕ್ಕೆ ಅದು ಗದ್ದಲಾನೇ. ನಾನೀಗ ಸಂಗೀತದ ವಿಷಯ ಮಾತಾಡ್ತಿಲ್ಲ,” ಎಂದರು.

ಆಗ ಏನನ್ನು ಕುರಿತು ಮಾತಾಡುತ್ತಿದ್ದರೆಂಬುದು ನಮಗೆ ತಿಳಿದದ್ದು ಅವರು ಮೆಡಿಕಲ್ ಕಾಲೇಜಿನ ಗಂಟಲಿನ ವಾರ್ಡಿಗೆ ಹೋಗಿಬರಲು ಶುರುಮಾಡಿದ ಮೇಲೆ. ಧ್ವನಿಪೆಟ್ಟಿಗೆ ಕಳೆದುಕೊಳ್ಳಲಿರುವವರ ಮಾತನ್ನು ಮೊದಲೇ ಹಿಡಿದಿಡಬೇಕೆಂದು ವೈದ್ಯರನ್ನು ಕೇಳಿದರು. ನಿಶ್ಶಬ್ದವಾದ ಕೋಣೆ ಇಲ್ಲವೆಂದರು. ಟೀಚರ್ ವರಾಂಡದುದ್ದಕ್ಕೂ ಚಪ್ಪಾಳೆ ತಟ್ಟುತ್ತ ಹೋಗಿ, ಒಗೆದ ಹಾಸುಬಟ್ಟೆಗಳನ್ನು ಸೂರಿನವರೆಗೆ ಪೇರಿಸಿಟ್ಟ ಉಗ್ರಾಣವೊಂದನ್ನು ಕಂಡುಹಿಡಿದರು. ಇದಕ್ಕಿಂತ ಒಳ್ಳೆಯ ಸ್ಟುಡಿಯೋ ಇಡೀ ಊರಲ್ಲಿಲ್ಲ ಎಂದು ಆನಂದಪಟ್ಟರು. ಬಾಗಿಲು ಮುಚ್ಚಿದರೆ ಆ ಬಿಳಿಯ ಗಂಟುಗಳ ನಡುವೆ ಮೋಡದೊಳಗೆ ಕುಳಿತಂತಾಗುತ್ತಿತ್ತು. ಅಲ್ಲಿ ಎಷ್ಟೋ ಜನ ತಮ್ಮ ಮಕ್ಕಳ ಹೆಸರು ಕರೆದರು, ಹೆಂಡತಿಯರೊಡನೆ ಹಳೆಯ ಜಗಳವಾಡಿದರು, ಪ್ರಾರ್ಥಿಸಿದರು, ಸುಮ್ಮನೆ ಸಂತೆಯ ಮಾತಾಡಿದರು. ಮುಂತಾಸ್ ಅವರ ಸಹಾಯಕಿಯಾದಳು. ಎಷ್ಟೋ ಸಲ ನಾನೂ ಹೋಗುತ್ತಿದ್ದೆ.

ಚಾತುಕುಟ್ಟಿ ಎಂಬ ಬಸ್ ಕಂಡಕ್ಟರನ್ನು ಮರೆಯಲಾರೆ. ಹೆಂಡತಿ ಜಾನುವನ್ನು ಪಕ್ಕದಲ್ಲಿ ಕೂರಿಸಿಕೊಂಡು ಬಾಯಿ ಬಿಗಿದು ಕೂತಿದ್ದರು.

“ನಂಗೆ ಹೇಳೋಕೆ ಏನಿದೆ ಟೀಚರೇ? ಊರ ಹೆಸರು ಕೂಗಿದ್ದು ಬಿಟ್ರೆ ಜೀವನದಲ್ಲಿ ಏನೂ ಮಾತಾಡಿಲ್ಲ. ಬೇಕಾದ್ರೆ ಇವಳನ್ನ ಕೇಳಿ.”

“ಹಾಗಾದ್ರೆ ಕೂಗಿ,” ಎಂದರು ಟೀಚರ್. “ನಾನು ಕೊಯಿಲಾಂಡಿಗೆ ಹೋಗ್ಬೇಕು.”

ಅವರು ಸಂಕೋಚದಿಂದ ಎದ್ದುನಿಂತು, ಬಟ್ಟೆಯ ಕಪಾಟಿನ ಸರಳನ್ನು ಒಂದು ಕೈಯಲ್ಲಿ ಹಿಡಿದುಕೊಂಡರು. ಹಿಡಿದೊಡನೆ ಮೈ ಬದಲಾಯಿತು. “ಮಾನಾಂಚಿರ, ನಡಕ್ಕಾವ್, ವೆಸ್ಟ್‌ಹಿಲ್, ಎಲತ್ತೂರ್, ಕೊಯಿಲಾಂಡಿ... ಕೊಯಿಲಾಂಡಿ ಕೊಯಿಲಾಂಡಿ! ಒಳಗೆ ನಡೀರಿ, ಒಳಗೆ ನಡೀರಿ.” ಆ ಮೆತ್ತನೆಯ ಬಿಳಿ ಕೋಣೆಯಲ್ಲಿ ಬಸ್ಸು ಹೊರಟಿತು. ನಾವೆಲ್ಲ ಸ್ವಲ್ಪ ತೂಗಾಡಿದೆವೋ ಏನೋ. ಎಲತ್ತೂರಿನ ಹೊಳೆ ದಾಟಿದ ಮೇಲೆ ಅವರು, “ಇಳಿಯೋರು ಯಾರಾದ್ರೂ ಇದೀರಾ?” ಎಂದು ಕೂಗಿ, ಅಭ್ಯಾಸಬಲದಿಂದ ಉತ್ತರಕ್ಕೆ ಕಾದರು. ಆಗ ಜಾನು, ಮುಖವೆತ್ತದೆ, ಮೆಲ್ಲಗೆ ಹೇಳಿದಳು:

“ಇಲ್ಲ, ಯಾರೂ ಇಳಿಯಲ್ಲ. ಹೋಗ್ಲಿ, ಹೋಗ್ಲಿ.”

ಹೆಡ್‌ಫೋನ್ ಹಾಕಿಕೊಂಡಿದ್ದ ಟೀಚರ್ ಮುಖ ಆಚೆ ತಿರುಗಿಸಿದರು. ಟೇಪು ತಿರುಗುತ್ತಲೇ ಇತ್ತು.

ಅವರಿಂದ ನಾನು ಪಡೆದ ಉಪಕಾರವನ್ನೂ ಒಂದು ಮಾತಿನಲ್ಲಿ ಹೇಳಬೇಕು. ಮಗ ಹೊಟ್ಟೆಯಲ್ಲಿದ್ದಾಗ ವೈದ್ಯರು ನನಗೆ ಹಾಸಿಗೆ ಬಿಟ್ಟು ಏಳಬಾರದೆಂದರು. ಅದೇ ಹೊತ್ತಿಗೆ ಊರಲ್ಲಿ ಅಮ್ಮ ಕಾಲು ಮುರಿದುಕೊಂಡಿದ್ದಳು. ನಾನು ಹೋಗುವಂತಿಲ್ಲ, ಅವಳು ಬರುವಂತಿಲ್ಲ. ಯಾರಿಗೂ ಹೇಳದೆ ಟೀಚರ್ ರೈಲಿನಲ್ಲಿ ಕುಂಬಳೆಗೆ ಹೋಗಿ, ಒಂದಕ್ಷರ ಕನ್ನಡ ತಿಳಿಯದೆ, ಒಂದಿಡೀ ದಿನ ಅಮ್ಮನ ಪಕ್ಕ ಯಂತ್ರವಿಟ್ಟುಕೊಂಡು ಕೂತುಬಂದರು. ನಾನು ಕಣ್ಣುಮುಚ್ಚಿ ಮಲಗಿ ಆ ಕ್ಯಾಸೆಟ್ಟು ಕೇಳಿದೆ. ಅಮ್ಮ ಬೆಕ್ಕಿಗೆ ಬೈಯುತ್ತಿದ್ದಳು, ದೋಸೆ ಹೊಯ್ಯುತ್ತಿದ್ದವಳಿಗೆ ಬೆಂಕಿ ಸಣ್ಣ ಮಾಡು ಎನ್ನುತ್ತಿದ್ದಳು, ನಡುನಡುವೆ ಕೇಳಿಸಲಿ ಎಂದು ಗಟ್ಟಿಯಾಗಿ, “ಈ ಹೆಂಗಸಿಗೆ ನಾನು ಹೇಳೋದು ಏನೂ ತಿಳಿಯಲ್ಲ, ಆದ್ರೂ ತಲೆ ಆಡಿಸ್ತಾಳೆ, ಪಾಪ,” ಎನ್ನುತ್ತಿದ್ದಳು. ಆ ದನಿಯ ತೀರದಲ್ಲಿ ನನಗೆ ನಿದ್ದೆ ಬಂತು. ಎಷ್ಟೋ ವಾರಗಳ ಮೇಲೆ ಬಂದ ನಿದ್ದೆ.

ಟೇಪು ಹೋಗಿ ಕಂಪ್ಯೂಟರು ಬಂತು, ಅದೂ ಕುಗ್ಗಿ ಅಂಗೈಯ ಫೋನಿನೊಳಗೆ ಸೇರಿತು. ಹಳೆಯದರ ಮೇಲೆ ಮೋಹವಿಲ್ಲದೆ, ಹೊಸದರ ಮೇಲೆ ಭಯವಿಲ್ಲದೆ ಟೀಚರ್ ಎಲ್ಲವನ್ನೂ ಬಿಚ್ಚಿ ನೋಡಿ ಬರೆದರು. ಗಂಟಲಿನ ವಾರ್ಡಿನ ಕೆಲಸವನ್ನು ಈಗ ಮುಂತಾಸಳೂ ಅವಳು ತಯಾರುಮಾಡಿದ ನಾಲ್ವರು ಹೆಂಗಸರೂ ನಡೆಸುತ್ತಿದ್ದಾರೆ. ಟೀಚರ್ ವಾರಕ್ಕೊಮ್ಮೆ ಹೋಗಿ ತಪ್ಪು ಹುಡುಕಿ ಬರುತ್ತಾರೆ.

ಈ ಸಂಪುಟದ ಜೊತೆಗೆ ಅವರ ಧ್ವನಿಯನ್ನೂ ಓದುಗರಿಗೆ ತಲುಪಿಸಬೇಕೆಂದು ನಮ್ಮ ಬಳಗ ತೀರ್ಮಾನಿಸಿದಾಗ ಒಂದು ವಿಚಿತ್ರ ಎದುರಾಯಿತು. ಮಾಳಿಗೆಯ ಕಪಾಟುಗಳನ್ನೆಲ್ಲ ತಡಕಿದೆವು. ಸಾವಿರಾರು ಜನರ ದನಿಗಳಿದ್ದವು. ಅವರದು ಎಲ್ಲೋ ಒಂದೊಂದು ಮಾತು ಬಿಟ್ಟರೆ ಇರಲೇ ಇಲ್ಲ. ಯಂತ್ರದ ಹಿಂದೆ ಅವರು ಉಸಿರು ಬಿಗಿಹಿಡಿದೇ ಕೂತಿದ್ದರು. ಸರಿ, ಹೋದ ತಿಂಗಳು ಒಂದು ಶುಕ್ರವಾರ ನಾನು ಮತ್ತು ಮುಂತಾಸ್ ಅವರನ್ನು ಕುರ್ಚಿಯಲ್ಲಿ ಕೂರಿಸಿ ಮೈಕು ಎದುರಿಗಿಟ್ಟೆವು.

“ಏನು ಹೇಳ್ಲಿ?” ಎಂದು ಅವರು ಹೊಸ ಮದುವಣಗಿತ್ತಿಯಂತೆ ನಾಚಿದರು. “ಪಾಠ ಮಾಡ್ಲಾ?”

“ಪಾಠ ಬೇಡ,” ಎಂದಳು ಮುಂತಾಸ್. “ಮೊಯ್ದೀನ್‌ಕೋಯಕ್ಕನ ಕಥೆ ಹೇಳಿ.”

ಮೊಯ್ದೀನ್‌ಕೋಯಕ್ಕ, ಅಂದರೆ ಮೊಯ್ದೀನ್‌ಕೋಯ ಅಣ್ಣ, ಟೀಚರ ಯಜಮಾನರು, ಕಲ್ಲಾಯಿಯಲ್ಲಿ ಮರದ ವ್ಯಾಪಾರ ಮಾಡುತ್ತಿದ್ದವರು, ಈಗಿಲ್ಲ. ಟೀಚರ್ ಕೊಂಚ ಹೊತ್ತು ಕಿಟಕಿಯ ಕಡೆ ನೋಡಿ ಶುರುಮಾಡಿದರು. ಮದುವೆಯಾದ ಹೊಸತು. ಜಡಿಮಳೆ. ಸಂಜೆ ಹೆಂಡತಿಯ ಮನೆಗೆ ಬಂದ ಮದುಮಗನಿಗೆ ಕೋಣೆಯ ಬಾಗಿಲಾಚೆ ಗಂಡಸಿನ ದನಿ ಕೇಳಿಸುತ್ತದೆ. ಅದು ಟೇಪಿನಲ್ಲಿದ್ದ ಬೀರಾನ್‌ಕೋಯ ಮಾವನ ದನಿ. “ಇವರಿಗೆ ಗೊತ್ತಿಲ್ಲ. ಒಳಗೆ ಬರೋಕೆ ಮರ್ಯಾದೆ ಅಡ್ಡ, ವಾಪಸ್ ಹೋಗೋಕೆ ಸಿಟ್ಟು. ಮನೆಯೊಳಗೇ ಕೊಡೆ ಬಿಡಿಸ್ಕೊಂಡು ನಿಂತುಬಿಟ್ರು. ಆಮೇಲೆ ಟೇಪಲ್ಲಿ ಮಾವ ಏನು ಕೇಳಿದ್ರು ಅಂದ್ರೆ...” ಅಲ್ಲಿಗೆ ನಗು ಬಂತು. ತಡೆದುಕೊಂಡರು. “ಏನು ಕೇಳಿದ್ರು ಅಂದ್ರೆ...” ಮತ್ತೆ ನಗು. ಮೂರನೆಯ ಸಲ ಮಾತು ಹೊರಡಲೇ ಇಲ್ಲ. ಕಣ್ಣೊರೆಸಿಕೊಂಡು, ಕೈಯಾಡಿಸಿ, ಕುರ್ಚಿಗೆ ಒರಗಿಬಿಟ್ಟರು. ನಾವು ಯಾರೂ ಗುಂಡಿ ಒತ್ತಲಿಲ್ಲ. ಈ ಸಂಪುಟದೊಡನೆ ಓದುಗರು ಕೇಳಲಿರುವುದು ಆ ನಗುವನ್ನೇ.

ಮಾವ ಏನು ಕೇಳಿದರೆಂಬುದು ನಮಗೂ ಇನ್ನೂ ತಿಳಿದಿಲ್ಲ. ಹೋದಾಗಲೆಲ್ಲ ಕೇಳುತ್ತೇವೆ, ಅಲ್ಲಿಗೆ ಬಂದೊಡನೆ ಅವರಿಗೆ ನಗು ಬಂದುಬಿಡುತ್ತದೆ. ನೂರು ವರ್ಷ ಬಾಳಿರಿ ಎಂದು ಎಲ್ಲರೂ ಹಾರೈಸುತ್ತಾರೆ. ನನ್ನ ಕೋರಿಕೆ ಇಷ್ಟೇ: ಟೀಚರ್ ಆ ಕಥೆಯನ್ನು ಮುಗಿಸಲು ಅವಸರಪಡದಿರಲಿ. ಅವರ ಕಿವಿ ಹೀಗೆಯೇ ಚುರುಕಾಗಿರಲಿ, ಕೈಗೆ ಕೆಲಸವಿರಲಿ, ವಾರಕ್ಕೊಮ್ಮೆ ನಮ್ಮ ತಪ್ಪು ಹುಡುಕುತ್ತಿರಲಿ. ಪ್ರತಿ ಸಲವೂ ಕೊಡೆ ಬಿಡಿಸಿದ ಆ ಮದುಮಗನವರೆಗೆ ಬಂದು, ಅಲ್ಲೇ ನಕ್ಕು, ಉಳಿದದ್ದನ್ನು ಮುಂದಿನ ಶುಕ್ರವಾರಕ್ಕೆ ಇಟ್ಟುಕೊಳ್ಳಲಿ.